ಎರಡು ಸಲ ಒಂದೇ ಮಾತು

ಸಾಕ್ಷಿದಾರನಿಗೆ ಇರಬೇಕಾದ ಮೊದಲ ಗುಣ ಸತ್ಯ ಅಂತ ಜನ ತಿಳಿದಿದ್ದಾರೆ. ಚಿಕ್ಕೋಡಿ ಕೋರ್ಟಿನಲ್ಲಿ ಕರಿಕೋಟು ಸವೆಸಿದವನು ನಾನು. ನನ್ನನ್ನು ಕೇಳಿದರೆ ಸತ್ಯ ಆಮೇಲಿನ ಮಾತು. ಮುಂಜಾನೆ ಹೇಳಿದ್ದನ್ನು ಮಧ್ಯಾಹ್ನವೂ ಹಾಗೇ ಹೇಳುವ ಶಕ್ತಿ ಮೊದಲು ಬೇಕು. ಸುಳ್ಳುಗಾರನಿಗೆ ಅದು ಸಲೀಸು, ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾನೆ. ನಿಜ ಕಂಡವನು, ಅದರಲ್ಲೂ ಮುಪ್ಪಾದವನು, ಆ ಪರೀಕ್ಷೆಯಲ್ಲಿ ಎಷ್ಟು ಸುಲಭವಾಗಿ ಬೀಳುತ್ತಾನೆ ಎಂಬುದನ್ನು ನಾನು ಕಲಿತದ್ದು ಬೇಡಕಿಹಾಳದ ಒಂದು ಬಾವಿಯ ದಾವೆಯಲ್ಲಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಕ್ಷಿದಾರರಾಗಿ ಬಂದವರು ಐವತ್ತು ದಾಟಿದ ಒಬ್ಬ ವಿಧವೆ. ಊರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಬಾವಿ ಇರುವ ಒಂದು ಹೊಲ, ಅದರಲ್ಲಿ ನಿಂತ ಕಬ್ಬು, ಇಷ್ಟೇ ಕಾಕುವಿನ ಬದುಕು. ಗಂಡನ ಅಣ್ಣನ ಮಕ್ಕಳು ದಾವೆ ಹೂಡಿದ್ದರು. ಮನೆತನದಲ್ಲಿ ವಾಟ್ನಿ, ಅಂದರೆ ಆಸ್ತಿಯ ಹಂಚಿಕೆ, ಆಗಿಯೇ ಇಲ್ಲ, ಎಲ್ಲ ಹೊಲ ಒಟ್ಟಿನದು, ಬಾವಿ ಹೊಲವೂ ಸೇರಿ ಪಾಲಾಗಬೇಕು ಎಂಬುದು ಅವರ ಕೇಳಿಕೆ. ನಮ್ಮ ಉತ್ತರ ಬೇರೆ. ಅಣ್ಣತಮ್ಮ ಇಬ್ಬರೂ ಬದುಕಿದ್ದಾಗಲೇ ಹಿರಿಯರನ್ನು ಕೂಡಿಸಿ ಬಾಯಿಮಾತಿನ ಮೇಲೆ ವಾಟ್ನಿ ಮಾಡಿಕೊಂಡಿದ್ದರು. ಬಾವಿ ಇರುವ ಸಣ್ಣ ತುಂಡು ತಮ್ಮನಿಗೆ, ಬಾವಿ ಇಲ್ಲದ ದೊಡ್ಡ ತುಂಡು ಅಣ್ಣನಿಗೆ. ಹೊಲದ ಸರಕಾರಿ ದಾಖಲೆಯಾದ ಉತಾರದಲ್ಲಿ ಮಾತ್ರ ಅಣ್ಣನ ಹೆಸರೇ ಉಳಿದಿತ್ತು. ಅಣ್ಣನ ಹೆಸರು ಕಡಿಸಿ ನನ್ನದು ಹಚ್ಚಿರಿ ಅಂತ ಕಚೇರಿಗೆ ಹೋಗುವುದು ತಮ್ಮನಿಗೆ ಸರಿ ಕಂಡಿರಲಿಲ್ಲ. ಆ ದಿನ ಹೊಲದಲ್ಲಿ ಕೂತಿದ್ದ ಪಂಚರಲ್ಲಿ ಬದುಕಿ ಉಳಿದವರು ಒಬ್ಬರೇ.

ಅವರನ್ನು ನಾನು ಅಜ್ಜ ಎಂದೇ ಕರೆಯುತ್ತೇನೆ. ಜೈನರ ಮನೆಯ ಹಿರಿಯರು, ಒಂದು ಕಾಲಕ್ಕೆ ಊರಿನ ಯಾವ ವಾಟ್ನಿಯೂ ಅವರಿಲ್ಲದೆ ನಡೆಯುತ್ತಿರಲಿಲ್ಲವಂತೆ. ನಾನು ಮೊದಲ ಸಲ ಹೋದಾಗ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಒಳಗೆ ಮೊಮ್ಮಕ್ಕಳ ಗದ್ದಲ, ಹಿತ್ತಲಲ್ಲಿ ಎಮ್ಮೆ ಹಿಂಡುವ ಸದ್ದು. ಬಾವಿಯ ವಿಷಯ ತೆಗೆದದ್ದೇ ತಡ, ಅಜ್ಜ ಶೇಂಗಾ ಬದಿಗಿಟ್ಟು ಶುರು ಮಾಡಿದರು. ಅಳೆಯಲು ಸರಪಳಿ ಇರಲಿಲ್ಲ, ಬಾವಿಯ ಹಗ್ಗದಿಂದಲೇ ಅಳೆದರು. ಅಣ್ಣ ಬೇವಿನ ಗಿಡದ ಕೆಳಗೆ ನಿಂತಿದ್ದ. ತಮ್ಮ ಬಾವಿಯ ಕಟ್ಟೆಯ ಮೇಲೆ ಕೈಯಿಟ್ಟು, ಕುಡಿಯುವ ನೀರು ಇಬ್ಬರಿಗೂ, ಹೊಲಕ್ಕೆ ಬಿಡುವ ನೀರು ನನಗೆ ಅಂದ. ಅಣ್ಣ ಹೂಂ ಅಂದ. ಅಣ್ಣನ ಹೆಂಡತಿ ಬುಟ್ಟಿಯಲ್ಲಿ ಚುರಮುರಿ, ಬೆಲ್ಲ ತಂದು ಎಲ್ಲರಿಗೂ ಹಂಚಿದಳು. ಬುಟ್ಟಿಯ ಮೇಲೆ ಮುಚ್ಚಿದ್ದ ಅರಿವೆಯ ಬಣ್ಣವನ್ನೂ ಅಜ್ಜ ಬಿಡಲಿಲ್ಲ. ನಾನು ಚಿಕ್ಕೋಡಿಗೆ ಮರಳುವ ಬಸ್ಸಿನಲ್ಲಿ ಕೇಸು ಗೆದ್ದವನ ಹಾಗೆ ಕಾಲು ಚಾಚಿ ಕೂತಿದ್ದೆ.

ಮುಂದಿನ ವಾರ ಹೋದಾಗ ಅದೇ ಕಟ್ಟೆ, ಅದೇ ಅಜ್ಜ. ಬಾವಿ ಅಂದೆ. ಯಾವ ಬಾವಿ ಅಂದರು. ಕಾಕುವಿನ ಗಂಡನ ಹೆಸರು ಹೇಳಿದೆ. ಬಹಳ ಹೊತ್ತು ನನ್ನ ಮುಖ ನೋಡಿ, ಅವನು ಒಳ್ಳೆಯ ಹುಡುಗ, ಅವನ ಮದುವೆಯಲ್ಲಿ ಮಳೆ ಬಂದಿತ್ತು ಅಂದರು. ವಾಟ್ನಿ ಕೇಳಿದರೆ ಬೇರೆ ಯಾರದೋ ಮನೆಯ ವಾಟ್ನಿ ಹೇಳಿದರು. ಅದರಲ್ಲಿಯೂ ಬಾವಿ ಇತ್ತು, ಅದು ಅಣ್ಣನಿಗೆ ಹೋಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಅವತ್ತು ಹಗ್ಗ, ಬೇವಿನ ಗಿಡ, ಬುಟ್ಟಿಯ ಅರಿವೆ, ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು. ಪೂರ್ತಿ ಮರೆತಿದ್ದರೆ ನಾನು ಕೈಬಿಡುತ್ತಿದ್ದೆ. ಪೂರ್ತಿ ನೆನಪಿದ್ದರೆ ನಿಶ್ಚಿಂತೆಯಿಂದ ಇರುತ್ತಿದ್ದೆ. ಈ ಅಜ್ಜ ನನ್ನನ್ನು ಎರಡಕ್ಕೂ ಬಿಡಲಿಲ್ಲ.

ನಿಪ್ಪಾಣಿಯ ಒಬ್ಬ ಡಾಕ್ಟರರನ್ನು ಮನೆಗೆ ಕರೆಸಿದೆ. ನನಗೆ ಅವರಿಂದ ಒಂದು ಸರ್ಟಿಫಿಕೇಟು ಬೇಕಿತ್ತು. ಅಜ್ಜ ಬಸ್ಸು ಹತ್ತಿ ಚಿಕ್ಕೋಡಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಹಾಗಿದ್ದಾಗ ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಅಂತ ನೇಮಿಸಿ, ಮನೆಗೇ ಹೋಗಿ ಸಾಕ್ಷಿ ಬರೆದುಕೊಂಡು ಬರಲು ಹೇಳುತ್ತದೆ. ಅದಕ್ಕೆ ಡಾಕ್ಟರರ ಕಾಗದ ಬೇಕು. ಅವರು ಅಜ್ಜನ ಮೊಣಕಾಲು ಒತ್ತಿ ನೋಡಿದರು, ಕಣ್ಣು ನೋಡಿದರು. ನಡುನಡುವೆ ಹರಟೆಯ ಹಾಗೆ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದರು.

"ವಕೀಲ್ರ, ವಯಸ್ಸಾದ ಮ್ಯಾಲ ನೆನಪು ಕಡಿಮಿ ಆಗತೈತಿ ಅಂತ ಎಲ್ಲಾರೂ ಅಂತಾರ. ಅದಕ್ಕಿಂತ ಮೊದಲ ಅದರ ಹದಾ ತಪ್ಪತೈತ್ರಿ. ಇವತ್ತ ಛಲೋ, ನಾಳೆ ಏನೂ ಇಲ್ಲ, ನಾಡದ್ದ ಮತ್ತ ಛಲೋ. ಒಂದ ದಿನದಾಗನೂ ಹಂಗ. ಇದಕ್ಕ ಗುಳಗಿ ಇಲ್ಲ."

ನೆನಪಿನ ವಿಷಯ ಕಾಗದದಲ್ಲಿ ಬರೆಯಲೇ ಅಂತ ಕೇಳಿದರು. ಬರೆದರೆ ನನ್ನ ಸಾಕ್ಷಿ ಹುಟ್ಟುವ ಮೊದಲೇ ಸಾಯುತ್ತಿತ್ತು. ಮೊಣಕಾಲು ಸಾಕು ಅಂದೆ. ಅವರು ನಿಜವಾಗಿಯೂ ಇದ್ದ ಮೊಣಕಾಲು ನೋವನ್ನಷ್ಟೇ ಬರೆದುಕೊಟ್ಟರು.

ಇನ್ನು ಅಜ್ಜನ ಒಳ್ಳೆಯ ಹೊತ್ತು ಯಾವುದು ಎಂದು ಹುಡುಕುವ ಕೆಲಸ. ಬೇರೆ ಬೇರೆ ಹೊತ್ತಿಗೆ ಹೋದೆ. ಬೇಡಕಿಹಾಳದ ಬಸ್ಸಿನ ಕಂಡಕ್ಟರ್ ನನ್ನನ್ನು ಊರಿನ ಅಳಿಯ ಅಂತ ತಿಳಿದಿದ್ದ. ಅಜ್ಜ ಮನೆಗೆ ಅಂಟಿದಂತಿದ್ದ ಬಸದಿಗೆ ಹೋಗಿ ಬಂದು ಹಾಲು, ರೊಟ್ಟಿ ತಿಂದ ಮೇಲಿನ ಮುಂಜಾನೆಗಳು ಬಹುಮಟ್ಟಿಗೆ ಚೆನ್ನಾಗಿದ್ದವು. ಮಧ್ಯಾಹ್ನ ಏರಿದಂತೆ ಮಾತು ಜಾರುತ್ತಿತ್ತು. ಒಂದು ಸಲ ಅಜ್ಜನನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ನಾನು, ಕಾಕು ಬಾವಿಯ ಹತ್ತಿರವೇ ಹೋದೆವು. ಅಲ್ಲಿ ಇಳಿದು ಕಟ್ಟೆ ಮುಟ್ಟಿದ ಕೂಡಲೇ ಅಜ್ಜ ಕೋಲಿನಿಂದ ತೋರಿಸುತ್ತ, ಯಾರು ಎಲ್ಲಿ ನಿಂತಿದ್ದರು ಎಂಬುದನ್ನೆಲ್ಲ ತಡವರಿಸದೆ ಹೇಳಿದರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಕ್ಷಿಯನ್ನು ಇಲ್ಲಿಯೇ ಬರೆಸೋಣ ಅಂತ ನನಗೂ ಹೊಳೆಯಿತು. ಆದರೆ ಈ ಮನುಷ್ಯ ಮನೆಬಿಟ್ಟು ಕದಲಲಾರ ಎಂಬ ಕಾಗದವನ್ನು ಕೋರ್ಟಿಗೆ ಕೊಟ್ಟವನೇ ನಾನು. ಕದಲಲಾರದವನು ಹೊಲಕ್ಕೆ ಹೇಗೆ ಬಂದ ಅಂತ ಎದುರಿನ ವಕೀಲರು ಕೇಳದೆ ಬಿಡುತ್ತಿರಲಿಲ್ಲ. ಬಾವಿಯ ಆಸೆ ಬಿಟ್ಟೆ.

ಕಾಕು ಒಂದು ದಿನ ನನ್ನ ಆಫೀಸಿಗೆ ಬಂದು, ದಿನಾ ಹೋಗಿ ಅಜ್ಜನ ಮುಂದೆ ಕೂತು ಎಲ್ಲ ಹೇಳಿಕೊಡಲೇ ಅಂತ ಕೇಳಿದರು. ಬೇಡ ಅಂದೆ. ಹೇಳಿಕೊಟ್ಟ ಮಾತು ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಎದುರಿನವರು ಒಂದು ಎಳೆ ಹಿಡಿದು ಜಗ್ಗಿದರೆ ಸಾಕು, ಯಾರು ಹೇಳಿಕೊಟ್ಟರು ಎಂಬುದನ್ನೂ ಅಜ್ಜ ಪ್ರಾಮಾಣಿಕವಾಗಿ ಹೇಳಿಬಿಡುತ್ತಿದ್ದರು. ಕಾಕು ತಲೆ ಆಡಿಸಿ ಎದ್ದರು. ಅವರಿಗೆ ಸಮಾಧಾನ ಆಗಿರಲಿಲ್ಲ, ನನಗೂ ಆಗಿರಲಿಲ್ಲ.

ಕಮಿಷನರ್ ನೇಮಕವಾದರು. ನಮ್ಮ ಬಾರಿನವರೇ, ಸಮಾಧಾನದ ಮನುಷ್ಯ. ಮೊದಲ ತಾರೀಖು ಅವರ ಜ್ವರದಿಂದ ಹೋಯಿತು, ಮುಂದಿನದು ಎದುರಿನ ವಕೀಲರ ಮನೆಯ ಮದುವೆಯಿಂದ. ಸಾಕ್ಷಿ ಬರೆಸಲು ಕೋರ್ಟು ಕೊಟ್ಟ ಅವಧಿ ಮುಗಿಯುತ್ತ ಬಂತು. ಮೂವರ ಡೈರಿಯೂ ಕೂಡಿ ಬಂದ ದಿನ ಒಂದೇ ಸಿಕ್ಕಿತು. ಪಂಚಾಂಗ ನೋಡಿದರೆ ಅವತ್ತು ಚತುರ್ದಶಿ.

ನಾನೂ ಜೈನನೇ, ಅಥಣಿಯ ನಮ್ಮ ಮನೆಯಲ್ಲೂ ಅಷ್ಟಮಿ, ಚತುರ್ದಶಿ ಬಂದರೆ ಹಿರಿಯರು ಉಪವಾಸ. ಅಜ್ಜನದು ಇನ್ನೂ ಬಿಗಿ. ನೀರನ್ನೂ ಮುಟ್ಟುತ್ತಿರಲಿಲ್ಲ. ಹಾಲು, ರೊಟ್ಟಿ ಹೊಟ್ಟೆಗೆ ಬಿದ್ದ ಮುಂಜಾನೆಯನ್ನು ನಂಬಿ ಕೂತವನು ನಾನು. ಈ ದಿನ ಬೇಡ, ಬೇರೆ ತಾರೀಖು ಬೇಡಿಕೊಳ್ಳುತ್ತೇನೆ ಅಂತ ಅಜ್ಜನಿಗೆ ಹೇಳಲು ಹೋದೆ. ಅವತ್ತು ಅವರ ಮನಸ್ಸು ತಿಳಿಯಾಗಿತ್ತು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು.

"ಪ್ರಮಾಣ ಮಾಡಿ ಹೇಳೂ ಮಾತರಿ ಇದು. ಉಂಡ ಬಾಯಿಲೆ ಹ್ಯಾಂಗ ಹೇಳ್ಲಿ? ಚತುರ್ದಶಿ ಬಂದದ್ದು ಛಲೋನ ಆತು. ಅವತ್ತ ಹೇಳ್ತೀನಿ. ಬ್ಯಾರೆ ದಿನಾ ಅಂದ್ರ ನಾ ಹೇಳೂದಿಲ್ಲ."

ಒಳಗಿಂದ ಸೊಸೆ ಬಾಗಿಲಿಗೆ ಬಂದು ನಿಂತರು. ಮಾವನ ಊಟ, ನಿದ್ದೆ, ಸಿಟ್ಟು ಎಲ್ಲ ಅವರ ಕೈಯಲ್ಲಿ ನಡೆಯುತ್ತಿತ್ತು. ನಾನು ಹೊರಡುವಾಗ ಹಿಂದೆ ಬಂದು, ಉಪವಾಸದ ದಿನ ಮಾವನ ಮಾತು ಹಿಡಿಯಲು ಬರುವುದಿಲ್ಲ, ಸಂಜೆ ಹೊತ್ತಿಗೆ ನನ್ನನ್ನೇ ಯಾರು ಅಂತ ಕೇಳುತ್ತಾರೆ ಅಂತ ಮೆಲ್ಲಗೆ ಹೇಳಿದರು. ಒಂದು ಲೋಟ ಹಾಲನ್ನಾದರೂ ಕೊಡಬಹುದೇ ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕಾಕುವನ್ನು ಕೇಳಿದೆ. ಚತುರ್ದಶಿಯ ದಿನ ಉಪವಾಸವಿದ್ದು ಅಜ್ಜ ಆಡಿದ ಮಾತನ್ನು ಊರಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ, ಅಣ್ಣನ ಮಕ್ಕಳೂ ತಲೆ ತಗ್ಗಿಸುತ್ತಾರೆ ಎಂಬುದು ಅವರ ನಂಬಿಕೆ. ಅದು ಬರೀ ಅವರ ನಂಬಿಕೆಯಲ್ಲ. ಎದುರಿನ ವಕೀಲರೇ ಬಾರ್ ರೂಮಿನಲ್ಲಿ ಚಹಾ ಕುಡಿಯುತ್ತ, ಮುದುಕನಿಗೆ ವ್ರತದ ದಿನವೇ ಪ್ರಮಾಣ ಮಾಡಿಸಿ ನಮ್ಮನ್ನು ಕಟ್ಟಿಹಾಕುತ್ತಿದ್ದೀರಿ ಅಂತ ಗೊಣಗಿದ್ದರು. ತಾರೀಖು ಮುಂದೂಡಿದರೆ ಸಾಕ್ಷಿ ಮುಕ್ತಾಯ ಮಾಡಿರಿ ಅಂತ ಅರ್ಜಿ ಹಾಕುವುದಾಗಿಯೂ ಹೇಳಿದ್ದರು. ಅಜ್ಜನನ್ನು ಬಿಟ್ಟರೆ ನನ್ನ ಕೈಯಲ್ಲಿ ಬೇರೆ ಸಾಕ್ಷಿ ಇರಲಿಲ್ಲ. ಚತುರ್ದಶಿಗೇ ಆಗಲಿ, ಮುಂಜಾನೆ ಬೇಗ ಶುರು ಮಾಡಿ ಹೊತ್ತು ಏರುವ ಮೊದಲೇ ಮುಗಿಸೋಣ ಅಂತ ನಿರ್ಧಾರ ಮಾಡಿದೆ.

ಬೇಗ ಶುರುವಾಗಲಿಲ್ಲ. ಕಬ್ಬಿನ ಹಂಗಾಮು, ದಾರಿಯಲ್ಲಿ ಕಬ್ಬಿನ ಗಾಡಿ ಮಗುಚಿ ಬಿದ್ದು ಬಸ್ಸುಗಳೆಲ್ಲ ನಿಂತಿದ್ದವು. ಕಮಿಷನರ್ ಬಂದು ತಲುಪಿದಾಗ ಬಿಸಿಲು ಕಟ್ಟೆಯ ಮೇಲಿಂದ ಅಂಗಳಕ್ಕೆ ಇಳಿದಿತ್ತು. ಅಜ್ಜ ಬಸದಿಗೆ ಹೋಗಿ ಬಂದು, ತೊಳೆದ ಧೋತರ ಉಟ್ಟು, ಪಡಸಾಲೆಯಲ್ಲಿ ಜಮಖಾನದ ಮೇಲೆ ಕಾಯುತ್ತ ಕೂತಿದ್ದರು. ಒಂದು ಬದಿಗೆ ಅಣ್ಣನ ಮಕ್ಕಳು, ಇನ್ನೊಂದು ಬದಿಗೆ ಗೋಡೆಗೆ ಒರಗಿ ಕಾಕು. ನೆರೆಯವರು ಬಾಗಿಲಲ್ಲಿ ನೆರೆದಿದ್ದರು.

ಮುಖ್ಯ ವಿಚಾರಣೆ ನನ್ನದು. ನಾನು ಬಾಯಿಗೆ ಮಾತು ಹಾಕುವಂತಿಲ್ಲ, ಆ ದಿನ ಏನಾಯಿತು ಅಂತ ಕೇಳಬಹುದು ಅಷ್ಟೇ. ಕೇಳಿದೆ. ಅಜ್ಜ ಕೈ ಮುಗಿದು ಹೇಳತೊಡಗಿದರು. ಬಾವಿಯ ಹಗ್ಗ ಬಂತು, ಬೇವಿನ ಗಿಡ ಬಂತು, ತಮ್ಮ ಕಟ್ಟೆಯ ಮೇಲೆ ಕೈಯಿಟ್ಟದ್ದು ಬಂತು. ಅಣ್ಣನ ಮಕ್ಕಳಲ್ಲಿ ದೊಡ್ಡವನು, ತನ್ನ ತಾಯಿ ಬುಟ್ಟಿ ಹೊತ್ತು ತಂದ ಮಾತು ಬಂದಾಗ, ನಿಜವಾಗಿಯೂ ತಲೆ ತಗ್ಗಿಸಿದ. ಕಮಿಷನರ್ ಒಂದು ಮಾತೂ ಬಿಡದೆ ಬರೆದುಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಬೇಕು ಅನಿಸಿತು.

ಪಾಟೀಸವಾಲು ಶುರುವಾಗುವ ಹೊತ್ತಿಗೆ ಮಧ್ಯಾಹ್ನ. ಎದುರಿನ ವಕೀಲರು ಗದರಿಸುವ ಜಾತಿಯವರಲ್ಲ. ಅಜ್ಜನ ಹತ್ತಿರ ಸರಿದು ಕೂತು, ನೀವು ದೊಡ್ಡವರು, ಎಷ್ಟು ಮನೆಗಳ ವಾಟ್ನಿ ಮಾಡಿಸಿದ್ದೀರಿ, ಹೇಳಿರಿ ಕೇಳೋಣ ಅಂದರು. ನಾನು ಆಕ್ಷೇಪ ಎತ್ತಿದೆ, ಕಮಿಷನರ್ ಅದನ್ನೂ ಬರೆದುಕೊಂಡರು. ಆಕ್ಷೇಪ ತೀರ್ಮಾನಿಸುವುದು ಅವರ ಕೆಲಸವಲ್ಲ, ಬರೆದುಕೊಳ್ಳುವುದಷ್ಟೇ. ಅಜ್ಜ ಹಳೆಯ ವಾಟ್ನಿಗಳನ್ನು ಒಂದೊಂದಾಗಿ ಹೇಳಿದರು. ಮನೆಗಳು ಬಂದವು, ಎತ್ತುಗಳು ಬಂದವು, ಒಂದು ಮಾವಿನ ಗಿಡದ ಜಗಳ ಬಂತು. ತುಟಿ ಒಣಗಿ ನಾಲಿಗೆ ಅಂಟುತ್ತಿತ್ತು. ಸೊಸೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದರು. ವಕೀಲರು ಬಹಳ ಹೊತ್ತು ಊರೆಲ್ಲ ಸುತ್ತಾಡಿಸಿ, ಕೊನೆಗೆ ಅದೇ ಮೃದು ದನಿಯಲ್ಲಿ ಕೇಳಿದರು.

"ಅಜ್ಜಾರ, ಇವರ ಬಾವಿ ಯಾರಿಗೆ ಬಂತ್ರಿ?"

"ಅಣ್ಣಗ," ಅಂದರು ಅಜ್ಜ. "ಬಾವಿ ಅಣ್ಣಗ ಬಂತು."

"ಅವತ್ತ ನೀವು ಹೊಲದಾಗ ಇದ್ರ್ಯಾ?"

"ಎಲ್ಲಿಂದರಿ. ನಾ ಕಾಗವಾಡಕ್ಕ ಬೀಗರ ಮನಿಗೆ ಹೋಗಿದ್ನಿ. ಬಂದ ಮ್ಯಾಲ ಕೇಳಿದ್ನಿ."

ಕಾಕು ಗೋಡೆ ಬಿಟ್ಟು ನೆಟ್ಟಗೆ ಕೂತರು. ನಾನು ಮರುವಿಚಾರಣೆಗೆ ಎದ್ದೆ. ಮುಂಜಾನೆ ಹೇಳಿದ್ದು ನಿಜವೋ ಈಗ ಹೇಳಿದ್ದು ನಿಜವೋ ಅಂತ ಕೇಳಿದೆ. ಅಜ್ಜ ಎರಡೂ ನಿಜ ಅಂದರು. ಆಮೇಲೆ ನನ್ನ ಕರಿಕೋಟು ನೋಡುತ್ತ, ನೀವು ಯಾರ ಮಗ ಅಂತ ಕೇಳಿದರು. ಎದುರಿನ ವಕೀಲರು ನಗಲಿಲ್ಲ. ಅದನ್ನೂ ಬರೆದುಕೊಳ್ಳಿರಿ ಅಂತ ಕಮಿಷನರರಿಗೆ ಹೇಳಿದರು, ಅಷ್ಟೇ. ಬರೆದದ್ದನ್ನೆಲ್ಲ ಓದಿ ಹೇಳಿದ ಮೇಲೆ ಅಜ್ಜ ಸರಿ ಐತಿ ಅಂತ ತಲೆಯಾಡಿಸಿ, ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿ ನಿಧಾನವಾಗಿ ಸಹಿ ಮಾಡಿದರು.

ಮಾರನೆಯ ದಿನ ಮುಂಜಾನೆ ನನಗೆ ಮನಸ್ಸು ತಡೆಯಲಿಲ್ಲ, ಮತ್ತೆ ಬಸ್ಸು ಹತ್ತಿದೆ. ಅಜ್ಜ ಪಾರಣೆ ಮುಗಿಸಿ ಹಾಲು ಕುಡಿದು ಕಟ್ಟೆಗೆ ಬಂದಿದ್ದರು. ನಾನು ಏನನ್ನೂ ಕೇಳುವ ಮೊದಲೇ ಬಾವಿ ಸಣ್ಣವನಿಗೆ ಬಂದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಒಂದು ಅಕ್ಷರ ಅತ್ತಿತ್ತ ಆಗಲಿಲ್ಲ. ನಿನ್ನೆ ಎಲ್ಲ ಸರಿಯಾಗಿ ಹೇಳಿದೆನಲ್ಲ ಅಂತ ಖುಷಿಯಿಂದ ಕೇಳಿದರು. ನಾನು ಹೌದು ಅಂದೆ. ಬರೆದುಕೊಳ್ಳುವವರು ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಈಗಲೂ ಹೇಳಲಾರೆ.

ಸಾಕ್ಷಿಯನ್ನು ಇನ್ನೊಮ್ಮೆ ವಿಚಾರಿಸಲು ಅರ್ಜಿ ಹಾಕಿದೆ. ಮುಪ್ಪಿನಲ್ಲಿ ನೆನಪು ಏರುಪೇರಾಗುತ್ತದೆ, ಒಂದೇ ದಿನದ ಮಾತಿನಿಂದ ಮನುಷ್ಯನನ್ನು ಅಳೆಯಬಾರದು ಅಂತ ವಾದ ಮಾಡಿದೆ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿದರು. ಹಾಗಾದರೆ ಯಾವ ದಿನದ ಮಾತನ್ನು ನಂಬಬೇಕು, ಅದನ್ನು ಆರಿಸುವವರು ಯಾರು, ನೀವೇ ಅಂತ ಕೇಳಿದರು. ಅರ್ಜಿ ವಜಾ ಆಯಿತು. ತೀರ್ಪಿನಲ್ಲಿ ಅಜ್ಜನ ಬಗ್ಗೆ ಇದ್ದದ್ದು ಚಿಕ್ಕ ಮಾತು. ಎರಡು ರೀತಿ ನುಡಿಯುವ ಸಾಕ್ಷಿಯ ಮೇಲೆ ಭರವಸೆ ಇಡಲಾಗದು. ವಾಟ್ನಿ ಆಗಿಲ್ಲ ಅಂತಾಯಿತು. ಅಪೀಲಿನಲ್ಲೂ ಅದೇ ನಿಂತಿತು. ಹೊಸದಾಗಿ ಪಾಲು ಮಾಡಿದಾಗ ಬಾವಿ ಅಣ್ಣನ ಮಕ್ಕಳ ಕಡೆ ಬಿತ್ತು, ಕಾಕುವಿಗೆ ನೀರಿಲ್ಲದ ಮೇಲಿನ ಮಡ್ಡಿ ನೆಲ ಬಂತು. ಬೆಳೆದು ನಿಂತ ಕಬ್ಬಿನ ಕುಳೆ ಬಿಟ್ಟು ಅವರು ಹೊರಗೆ ಬಂದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ತೊಂಬತ್ತರ ಮೊದಲ ವರ್ಷಗಳಲ್ಲಿ ಬೇರೊಂದು ಕೆಲಸಕ್ಕೆ ಬೇಡಕಿಹಾಳಕ್ಕೆ ಹೋದೆ. ಅಜ್ಜ ಇನ್ನೂ ಇದ್ದರು. ಸೊಸೆ ನನ್ನನ್ನು ಅಂಗಳದಲ್ಲೇ ತಡೆದರು. ತಮ್ಮ ಸಾಕ್ಷಿಯಿಂದಲೇ ಕಾಕುವಿನ ಬಾವಿ ಹೋಯಿತು ಎಂಬ ಸುದ್ದಿ ಮಾವನಿಗೆ ಊರವರಿಂದ ತಿಳಿದಿದೆ, ಕೆಲವು ದಿನ ಅದು ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ ಅಂದರು. ನೆನಪಿದ್ದ ದಿನ ಊಟ ಮುಟ್ಟುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ.

"ಮೊದಲ ನೆನಪ ಇದ್ದ ದಿನಾ ಛಲೋ ಅನಸ್ತಿತ್ರಿ. ಈಗ ಇಲ್ಲದ ದಿನಾನ ಛಲೋ," ಅಂದರು.

ನಾನು ಒಳಗೆ ಹೋಗಿ ಅಜ್ಜನ ಮುಖ ನೋಡಿದೆ. ಇವತ್ತು ಎಂಥ ದಿನ ಅಂತ ಗುರುತು ಹಿಡಿಯಲು ಆಗಲಿಲ್ಲ. ಬರ್ರಿ ವಕೀಲ್ರ ಅಂದರು, ನನ್ನ ಗುರುತು ಸಿಕ್ಕಿತ್ತು. ಕೂಡಿಸಿಕೊಂಡು ಬಾವಿಯ ವಾಟ್ನಿ ಹೇಳಿದರು. ಹಗ್ಗ, ಬೇವಿನ ಗಿಡ, ಚುರಮುರಿ, ಬುಟ್ಟಿಯ ಅರಿವೆ. ಯಾವುದೂ ತಪ್ಪಲಿಲ್ಲ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು.

"ಅವತ್ತ ಕಮಿಷನರ್ ಮುಂದ ನಾ ಏನ ಹೇಳಿದ್ನಿ?"

"ಇದನ್ನ ಹೇಳಿದ್ರಿ ಅಜ್ಜಾರ," ಅಂದೆ.

ಅಜ್ಜ ನನ್ನ ಕೈ ಹಿಡಿದರು. ಅವರ ತುಟಿ ಒಣಗಿ ಸೀಳಿದ್ದು ಆಗ ಕಾಣಿಸಿತು. ಎದುರಿಗೆ ನೀರಿನ ತಂಬಿಗೆ ಇರಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ," ಅಂದರು. "ಇವತ್ತ ಚತುರ್ದಶಿ ಐತಿ."